ಆರು ಪೆಟ್ಟಿಗೆ, ಒಂದೇ ಸಪ್ಲೈ

ಫೆಬ್ರವರಿ ೧೧

ತಂಗೀ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಫೋನ್ ಮಾಡಿದರೆ ನೀನು ಅರ್ಧ ಮಾತಿಗೇ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿಯುವ ಮೊದಲು ಒಂದು ಸಲ ಓದಿಯೇ ಓದುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು.

ನಿನ್ನೆ ಮಧ್ಯಾಹ್ನ ನಮ್ಮ ವೃದ್ಧಾಶ್ರಮದಲ್ಲಿ ಕರೆಂಟು ಹೋಗಿ ಬಂತು. ಹೋಗಿದ್ದು ಸ್ವಲ್ಪ ಹೊತ್ತು, ಆದರೆ ಇನ್ವರ್ಟರ್ ರಿಪೇರಿಗೆ ಹೋಗಿತ್ತು, ಇಲ್ಲದಿದ್ದರೆ ಕರೆಂಟು ಹೋದದ್ದೇ ನಮಗೆ ಗೊತ್ತಾಗುವುದಿಲ್ಲ. ಬಂದ ಮೇಲೆ ದೀಪ ಹತ್ತಿದವು, ಫ್ಯಾನು ತಿರುಗಿದವು, ನೀನು ಮಾಡಿಕೊಟ್ಟ ಕರೆಗಂಟೆಯ ಪೆಟ್ಟಿಗೆಗಳು ಮಾತ್ರ ಮೇಲೇಳಲಿಲ್ಲ. ಅಮ್ಮನ ಕೋಣೆಯ ಆರು ಹಾಸಿಗೆಯ ಆರೂ ಪೆಟ್ಟಿಗೆ ಸತ್ತು ಕೂತಿದ್ದವು. ಅಮ್ಮನ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಟೈಲರಮ್ಮ ಇದ್ದಾರೆ, ಇಬ್ಬರದೂ ಎರಡು ವರ್ಷದ ಸ್ನೇಹ. ಅವರು ಬಚ್ಚಲಿಗೆ ಹೋಗಬೇಕೆಂದು ಗುಂಡಿ ಒತ್ತಿದ್ದಾರೆ. ಒತ್ತಿ ಒತ್ತಿ ಸಾಕಾಗಿ ಒಬ್ಬರೇ ಎದ್ದಿದ್ದಾರೆ. ಬಾಗಿಲ ಹತ್ತಿರ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ.

ನಾನು ಗೋಡೆಯಾಚೆಗೆ, ನರ್ಸುಗಳ ಕೋಣೆಯಲ್ಲಿ, ಸಂಜೆಯ ಮಾತ್ರೆ ವಿಂಗಡಿಸುತ್ತಿದ್ದೆ. ಯಾರೂ ಕರೆಯುತ್ತಿಲ್ಲ, ಎಲ್ಲರೂ ಮಲಗಿರಬೇಕು, ಪುಣ್ಯ ಅಂದುಕೊಂಡೆ. ಅಮ್ಮ ಆಚೆ ಹಾಲ್‌ನಲ್ಲಿ ಯಾರದೋ ರೇಡಿಯೋ ರಿಪೇರಿ ಮುಗಿಸಿ ಕೋಣೆಗೆ ಬಂದು ನೋಡಿ ಕೂಗಿಕೊಂಡಾಗಲೇ ನನಗೆ ತಿಳಿದದ್ದು. ಇಷ್ಟು ವರ್ಷ ನರ್ಸಾಗಿ ಮಾಡಿದ ಕೆಲಸವೆಲ್ಲ ಆ ಕೂಗಿನಲ್ಲಿ ಮಣ್ಣುಪಾಲಾಯಿತು.

ಹೋದ ವರ್ಷ ನಿನಗೆ ಹೇಳಿದ್ದೆ, ನೀರಿನ ಪಂಪು ಶುರುವಾದಾಗಲೆಲ್ಲ ಪೆಟ್ಟಿಗೆಗಳು ಆರಿ ಮತ್ತೆ ಹತ್ತುತ್ತವೆ, ಬಂದು ನೋಡು ಅಂತ. "ಹತ್ತತ್ತಲ್ಲ, ಮತ್ತೇನು?" ಅಂದೆ ನೀನು. ಆಮೇಲೆ ಅದು ತಾನಾಗಿ ನಿಂತುಹೋಯಿತು, ನಾನೂ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಮೇನೇಜರ್ ಬೆಂಕಿಯಾಗಿದ್ದಾರೆ. ನಿನ್ನ ಪೆಟ್ಟಿಗೆ ತೆಗೆದುಕೊಂಡ ಬೇರೆ ವೃದ್ಧಾಶ್ರಮಗಳಿಗೂ ಎಚ್ಚರಿಕೆ ಬರೆದು ಕಳಿಸುತ್ತಾರಂತೆ. ನಾನು ತಡೆಯುವುದಿಲ್ಲ.

ನಿನ್ನ ಅಕ್ಕ

*

ಫೆಬ್ರವರಿ ೧೬

ಅಕ್ಕಾ,

ಓದಿದೆ. ಹರಿಯಲಿಲ್ಲ, ನಿನ್ನ ಮುಖಕ್ಕೆ ಹಿಡಿಯಲು ಇಟ್ಟುಕೊಂಡಿದ್ದೇನೆ.

ಟೈಲರಮ್ಮನ ವಿಷಯ ಓದಿ ಅನ್ನ ಸೇರಲಿಲ್ಲ. ಆದರೆ ಬಿದ್ದವರು ಯಾರೆಂದು ಹೇಳಿ ಮುಗಿಸುವ ಮೊದಲೇ ಬೀಳಿಸಿದವಳು ನಾನು ಅಂತ ತೀರ್ಮಾನ ಮಾಡಿಬಿಟ್ಟೆಯಲ್ಲ. ಆ ಮೇನೇಜರಿಗೆ ನಾನು ಯಾರೋ. ನಿನಗೂ ಯಾರೋನಾ?

ನನ್ನ ಕೆಲಸ ಏನೆಂದು ಒಂದು ದಿನವೂ ನೀನು ಕೇಳಿಲ್ಲ, ಈಗ ಕೇಳಿಸಿಕೋ. ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು ಇದೆ. ಅದು ಬಲು ನಾಜೂಕು. ಕರೆಂಟು ಒಂದು ಕ್ಷಣ ಕುಗ್ಗಿದರೂ ತಲೆ ತಿರುಗಿ ಬಿದ್ದು ಮೊದಲಿನಿಂದ ಶುರುಮಾಡುತ್ತದೆ. ಹಾಗೆ ಬೀಳದಿರಲಿ ಅಂತ ಅದರ ಪಕ್ಕ ನಾನು ಒಂದು ಕೆಪಾಸಿಟರ್ ಇಡುತ್ತೇನೆ. ಮನೆ ಮೇಲಿನ ನೀರಿನ ಟ್ಯಾಂಕು ಅಂದುಕೋ. ತೀರಾ ಚಿಕ್ಕದಾದರೆ ಕುಗ್ಗಿದಾಗ ಸಾಲುವುದಿಲ್ಲ. ತೀರಾ ದೊಡ್ಡದಾದರೆ ಶುರುವಿನಲ್ಲಿ ಅದನ್ನು ತುಂಬಿಸುವುದರಲ್ಲೇ ಪೆಟ್ಟಿಗೆಗಳಿಗೆ ಕರೆಂಟು ಕೊಡುವ ಸಪ್ಲೈ ಸುಸ್ತಾಗುತ್ತದೆ. ಆದ್ದರಿಂದ ಅಳೆದು, ಸುರಿದು, ಮತ್ತೆ ಅಳೆದು ಹಾಕಿದ್ದೇನೆ. ಕರೆಂಟು ಒಮ್ಮೆಲೇ ನುಗ್ಗದೆ ಮೆಲ್ಲಗೆ ಒಳಗೆ ಬರಲಿ ಅಂತ ಮುಂದುಗಡೆ ಒಂದು ಭಾಗ ಬೇರೆ ಇಟ್ಟಿದ್ದೇನೆ. ನಾನು ಅದನ್ನು ನಿಧಾನ ಬಾಗಿಲು ಅನ್ನುತ್ತೇನೆ. ಆರು ಪೆಟ್ಟಿಗೆಯನ್ನೂ ಒಂದೇ ಸಪ್ಲೈಗೆ ಕೊಟ್ಟು, ಬೆರಳು ನೋಯುವ ತನಕ ಸ್ವಿಚ್ಚು ಹಾಕಿ ತೆಗೆದು ನೋಡಿದ್ದೇನೆ. ಒಂದು ಸಲವೂ ಏಳದೆ ಇರಲಿಲ್ಲ.

ಯಾರೋ ಕೈಯಾಡಿಸಿದ್ದಾರೆ. ಆರೂ ಪೆಟ್ಟಿಗೆ ಬಿಚ್ಚಿ ಪಾರ್ಸೆಲ್ ಮಾಡು. ಒಂದು ಸ್ಕ್ರೂ ಮುಟ್ಟಬೇಡ. ಮುಟ್ಟಿದವನನ್ನು ಹಿಡಿದು ನಿನ್ನ ಮೇನೇಜರ ಎದುರು ನಿಲ್ಲಿಸುತ್ತೇನೆ.

ಇನ್ನೊಂದು. ಅಮ್ಮನನ್ನು ಅಲ್ಲಿಗೆ ಸೇರಿಸುವಾಗ ನನ್ನನ್ನು ಒಂದು ಮಾತು ಕೇಳಿದ್ದೆಯಾ?

ತಂಗಿ

*

ಫೆಬ್ರವರಿ ೨೧

ತಂಗೀ,

ಪಾರ್ಸೆಲ್ ಕಳಿಸಿದ್ದೇನೆ. ಪೆಟ್ಟಿಗೆಗಳ ಮಧ್ಯೆ ಹಳೆ ಟವೆಲು ತುರುಕಿದ್ದೇನೆ, ವಾಪಸು ಕೊಡಬೇಕಿಲ್ಲ.

ಕೇಳಿದ್ದೆ. "ನಿಂಗೆ ಹೇಗೆ ಬೇಕೋ ಹಾಗೆ ಮಾಡು" ಅಂದೆ ನೀನು. ಅದನ್ನು ಒಪ್ಪಿಗೆ ಅಂದುಕೊಂಡೆ, ಅದು ನನ್ನ ದಡ್ಡತನ. ಅಮ್ಮ ಮೆಟ್ಟಿಲ ಮೇಲೆ ಎರಡು ಸಲ ಜಾರಿದಾಗ ನೀನು ಎಲ್ಲಿದ್ದೆ ಅಂತ ನಾನು ಕೇಳಿರಲಿಲ್ಲ. ಈಗ ಕೇಳಿದ್ದೇನೆ, ಉತ್ತರ ಬೇಡ.

ಟೈಲರಮ್ಮನಿಗೆ ಆಪರೇಷನ್ ಆಗಿದೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ದಿನಾ ಗಂಟುಬಿದ್ದಿದ್ದಾಳೆ. ನಾನು ಪೆಟ್ಟಿಗೆ ಬಿಚ್ಚುತ್ತಿದ್ದಾಗ ಪಕ್ಕದಲ್ಲೇ ನಿಂತು, "ಯಾಕೆ ತೆಗೀತಿದ್ದೀಯ? ಚೆನ್ನಾಗಿದ್ವಲ್ಲ, ಈಗ ಪಂಪ್ ಹಾಕಿದ್ರೂ ಆರ್ತಿರ್ಲಿಲ್ಲ" ಅಂದಳು. ಎಷ್ಟಾದರೂ ಮಗಳು ಮಾಡಿದ ಪೆಟ್ಟಿಗೆ, ನಿನ್ನ ಪರ ಮಾತಾಡುತ್ತಿದ್ದಾಳೆ ಅಂದುಕೊಂಡು ಇನ್ನೂ ಸಿಟ್ಟು ಬಂತು.

ಅಕ್ಕ

*

ಫೆಬ್ರವರಿ ೨೭

ಅಕ್ಕಾ,

ಪೆಟ್ಟಿಗೆ ಬಿಚ್ಚಿದೆ. ಆರರಲ್ಲೂ ನಾನು ಹಾಕದ ಒಂದು ಕೆಪಾಸಿಟರ್ ಇದೆ. ನನ್ನದರ ಮೂರರಷ್ಟು ದಪ್ಪ. ತಂತಿ ಒಳಗೆ ಬರುವ ಜಾಗದಲ್ಲೇ, ನಿಧಾನ ಬಾಗಿಲಿನ ಹೊರಗಡೆ, ಯಾರೋ ಸೀಸ ಕರಗಿಸಿ ಸೋಲ್ಡರ್ ಮಾಡಿ ಕೂರಿಸಿದ್ದಾರೆ.

ಖಾಲಿ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಎಷ್ಟು ಕರೆಂಟು ಕೊಟ್ಟರೂ ನುಂಗುತ್ತದೆ. ಒಂದು ಪೆಟ್ಟಿಗೆಯನ್ನು ಒಂಟಿಯಾಗಿ ಸಿಕ್ಕಿಸಿದರೆ ಸಪ್ಲೈ ತಡೆದುಕೊಳ್ಳುತ್ತದೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಆದರೆ ಕರೆಂಟು ಹೋಗಿ ಬಂದಾಗ ಆರೂ ಒಟ್ಟಿಗೆ ಬಾಯಿ ತೆರೆಯುತ್ತವೆ. ಸಪ್ಲೈ ಇದನ್ನು ಶಾರ್ಟ್ ಆಗಿದೆ ಅಂತ ತಿಳಿದು ಕೈಬಿಡುತ್ತದೆ. ಕ್ಷಣ ಬಿಟ್ಟು ಮತ್ತೆ ಕೊಡುತ್ತದೆ, ಮತ್ತೆ ಕೈಬಿಡುತ್ತದೆ. ನನ್ನ ಮೇಜಿನ ಮೇಲೆ ಆರನ್ನೂ ಜೋಡಿಸಿ ಸ್ವಿಚ್ಚು ಹಾಕಿದೆ. ಸಪ್ಲೈ ಟಿಕ್ ಟಿಕ್ ಅನ್ನುತ್ತಾ ಕೂತಿತು, ಒಂದು ಪೆಟ್ಟಿಗೆಯೂ ಏಳಲಿಲ್ಲ. ಟೈಲರಮ್ಮ ಗುಂಡಿ ಒತ್ತುತ್ತಿದ್ದ ಅಷ್ಟು ಹೊತ್ತೂ ಹೀಗೇ ಟಿಕ್ಕೆನ್ನುತ್ತಿತ್ತು.

ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ನಿಮ್ಮ ಎಲೆಕ್ಟ್ರಿಷಿಯನ್ನನ ಜನ್ಮ ಜಾಲಾಡಬೇಕು ಅಂತ ಮೇನೇಜರಿಗೆ ಕಾಗದ ಬರೆಯಲು ಕೂತೆ. ಸಾಕ್ಷಿಗಿರಲಿ ಅಂತ ಫೋಟೋ ತೆಗೆಯಲು ಬೋರ್ಡು ತಿರುಗಿಸಿದೆ, ಅಲ್ಲಿಗೆ ಕೈ ನಿಂತಿತು.

ಕೆಪಾಸಿಟರಿನ ಕಾಲನ್ನು ಕೊಕ್ಕೆ ಮಾಡಿ, ತಂತಿಗೆ ಸಿಕ್ಕಿಸಿ, ಆಮೇಲೆ ಸೋಲ್ಡರ್ ಹಚ್ಚಿದ್ದಾರೆ. ಈಗ ಯಾರೂ ಹಾಗೆ ಮಾಡುವುದಿಲ್ಲ. ನಮ್ಮ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಕೊಕ್ಕೆ ಮಾಡದಿದ್ದರೆ ಬೆರಳಿಗೆ ಹೊಡೆದು, ನನಗೆ ಹಾಗೆ ಕಲಿಸಿದವಳು ಒಬ್ಬಳೇ. ಇದು ಅಮ್ಮನ ಕೈ. ಅವಳ ಕಾಲದ ರೇಡಿಯೋಗಳಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರು ಇರುತ್ತಿತ್ತು, ಕರೆಂಟು ತಾನಾಗಿ ಮೆಲ್ಲಗೆ ಬರುತ್ತಿತ್ತು. ಗುಂಯ್ ಅನ್ನುವ ಸದ್ದು ಬಂದರೆ ದೊಡ್ಡ ಕೆಪಾಸಿಟರ್ ಹಾಕು, ಇನ್ನೂ ಬಂದರೆ ಇನ್ನೂ ದೊಡ್ಡದು ಹಾಕು, ಅದೇ ಅವಳ ವಿದ್ಯೆ. ಒಳಗಿನ ಜಾಗ ಅವಳ ಕಣ್ಣಿಗೆ ಚಿಕ್ಕದು. ಕೈಗೆಟುಕಿದ ಕಡೆ, ತಂತಿ ದಪ್ಪ ಇರುವ ಕಡೆ ಹಾಕಿದ್ದಾಳೆ. ಒಂದೊಂದಾಗಿ ಮಾಡಿ, ಒಂದೊಂದಾಗಿ ಸಿಕ್ಕಿಸಿ ನೋಡಿರುತ್ತಾಳೆ. ಒಂದೊಂದೂ ಸರಿಯಾಗೇ ಎದ್ದಿರುತ್ತದೆ.

ನಿನ್ನ ಪಂಪಿನ ಕಾಟ ತಾನಾಗಿ ನಿಂತಿದ್ದಲ್ಲ. ಅಮ್ಮ ನಿಲ್ಲಿಸಿದ್ದು.

ಅವಳ ಕೈಗೆ ಸೋಲ್ಡರಿಂಗ್ ಐರನ್ ಕೊಟ್ಟವರು ಯಾರು ಅಕ್ಕಾ? ಮಾತ್ರೆ ಎಣಿಸಿ ಕೊಡುವ ನಿನಗೆ ಅದು ಕಾಣಿಸಲಿಲ್ಲವಾ?

ಬೇರೆ ಕೋಣೆಗಳ ಪೆಟ್ಟಿಗೆಗಳನ್ನೂ ಇವತ್ತೇ ಕಳಚಿಸು. ಅಲ್ಲಿಯ ತನಕ ಹಾಸಿಗೆಗೊಬ್ಬರಂತೆ ಕಾವಲು ಕೂರಿಸು.

ತಂಗಿ

*

ಮಾರ್ಚ್ ೪

ತಂಗೀ,

ಐರನ್ ಕೊಟ್ಟವಳು ನಾನೇ. ಇಲ್ಲಿಗೆ ಬಂದ ಹೊಸದರಲ್ಲಿ ಅಮ್ಮ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನ ಯಾರದೋ ಕೆಟ್ಟ ರೇಡಿಯೋ ಕಂಡು, "ಬಿಚ್ಚಲಾ?" ಅಂದಳು. ನಾನು ಮೇನೇಜರಿಗೆ ದುಂಬಾಲು ಬಿದ್ದು ಹಾಲಿನ ಕಿಟಕಿ ಹತ್ತಿರ ಒಂದು ಮೇಜು ಹಾಕಿಸಿದೆ. ಅಲ್ಲಿಂದೀಚೆಗೆ ಅವಳು ಮನುಷ್ಯಳಾಗಿದ್ದಾಳೆ. ಮತ್ತೆ ಕೇಳಿದರೂ ಮತ್ತೆ ಕೊಡುತ್ತೇನೆ. ಪೆಟ್ಟಿಗೆಗಳನ್ನು ಮುಟ್ಟುತ್ತಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಇನ್ನೊಂದು ಕೋಣೆಯ ಪೆಟ್ಟಿಗೆಗಳಲ್ಲೂ ಇದೆ, ಎಲ್ಲ ಕಳಚಿಸಿದ್ದೇನೆ. ನಾವು ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಸರದಿಯಂತೆ ಕೂರುತ್ತಿದ್ದೇವೆ.

ಈಗ ಕೇಳು. ಇದನ್ನು ನೀನು ಯಾರಿಗೂ ಹೇಳಕೂಡದು. ಮೇನೇಜರಿಗೆ ಗೊತ್ತಾದರೆ ಮೊದಲು ಐರನ್ ಹೋಗುತ್ತದೆ, ಆಮೇಲೆ ಹಾಸಿಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅಮ್ಮನಿಗೆ ಗೊತ್ತಾಗಕೂಡದು. ಟೈಲರಮ್ಮ ಬಿದ್ದದ್ದು ತನ್ನಿಂದ ಅಂತ ತಿಳಿದರೆ ಅವಳು ಎದ್ದು ಕೂರುವುದಿಲ್ಲ. ಈ ವಯಸ್ಸಿನಲ್ಲಿ ಅದನ್ನು ತಡೆದುಕೊಳ್ಳುವ ಶಕ್ತಿ ಇಲ್ಲ. ನಾನು ದಿನಾ ನೋಡುವವಳು, ನನಗೆ ಗೊತ್ತು.

ನಿನಗೆ ಬೇರೆ ಕೆಲಸ ಸಿಗುತ್ತದೆ. ಅಮ್ಮನಿಗೆ ಬೇರೆ ಗೆಳತಿ ಸಿಗುವುದಿಲ್ಲ. ನಿನ್ನದೇ ತಪ್ಪು ಅಂತ ಬರೆದುಕೊಟ್ಟು ಮುಗಿಸು.

ಅಕ್ಕ

*

ಮಾರ್ಚ್ ೧೫

ಅಕ್ಕಾ,

"ನಿನಗೆ ಬೇರೆ ಕೆಲಸ ಸಿಗುತ್ತದೆ." ಈ ಸಾಲನ್ನು ಎಷ್ಟು ಸಲೀಸಾಗಿ ಬರೆದೆ. ಬರೆಯುವಾಗ ಪೆನ್ನು ಒಂದು ಸಲವೂ ತಡವರಿಸಲಿಲ್ಲವಾ?

ನಿನ್ನ ಮೇನೇಜರ ಎಚ್ಚರಿಕೆ ಓದಿ ಎರಡು ವೃದ್ಧಾಶ್ರಮಗಳು ಪೆಟ್ಟಿಗೆಗಳನ್ನು ವಾಪಸು ಕಳಿಸಿವೆ. ಅವು ಒಂದು ದಿನವೂ ಕೈಕೊಟ್ಟಿರಲಿಲ್ಲ. ಮೇಜಿನ ಕೆಳಗೆ, ಮಂಚದ ಕೆಳಗೆ, ಎಲ್ಲೆಲ್ಲೂ ಪೆಟ್ಟಿಗೆ. ಬಿಡಿಭಾಗ ಕೊಡುವ ಅಂಗಡಿಯವನು ನಿನ್ನೆ ನನ್ನ ಮುಖ ನೋಡಿ, "ಏನಮ್ಮಾ, ನಿಮ್ ಗಂಟೆ ಹೊಡೀಲಿಲ್ವಂತೆ?" ಅಂದ. ನಾನು ಚಿಲ್ಲರೆ ಎಣಿಸಿ ಕೊಟ್ಟು ಬಂದೆ. ಸತ್ಯ ನನ್ನ ಮೇಜಿನ ಮೇಲೇ ಬಿದ್ದಿದೆ, ಕೊಕ್ಕೆ ಸಮೇತ. ಒಂದು ಫೋಟೋ ಕಳಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ.

ಕಳಿಸುವುದಿಲ್ಲ. ನೀನು ಗೆದ್ದೆ. ಚಿಕ್ಕಂದಿನಿಂದಲೂ ಅಮ್ಮನ ಹೆಸರು ಹೇಳಿ ನೀನು ಗೆಲ್ಲುತ್ತಲೇ ಬಂದಿದ್ದೀಯ. ಕೆಪಾಸಿಟರಿನ ಅಳತೆಯಲ್ಲಿ ನಾನೇ ಎಡವಿದ್ದೇನೆ ಅಂತ ಮೇನೇಜರಿಗೆ ಬರೆದು ಸಹಿ ಹಾಕಿ ಕಳಿಸಿದ್ದೇನೆ. ಹೊಸ ಪೆಟ್ಟಿಗೆಗಳನ್ನೂ ಕಳಿಸುತ್ತಿದ್ದೇನೆ, ಅವು ಪಂಪಿಗೂ ಜಗ್ಗುವುದಿಲ್ಲ, ಕರೆಂಟು ಹೋಗಿ ಬಂದರೂ ಏಳುತ್ತವೆ. ಅಮ್ಮನ ಕೆಪಾಸಿಟರುಗಳನ್ನು ಕತ್ತರಿಸಿ ತೆಗೆದೆ. ತೆಗೆಯುವಾಗ ಅಳು ಬಂತು, ಸಿಟ್ಟಿಗೋ ಯಾವುದಕ್ಕೋ.

ಇನ್ನು ನನಗೆ ಬರೆಯಬೇಡ.

ತಂಗಿ

*

ಏಪ್ರಿಲ್ ೨೦

ನನ್ನ ಇಬ್ಬರು ಬುದ್ಧಿವಂತ ಹೆಣ್ಣುಮಕ್ಕಳಿಗೆ,

ಇದನ್ನು ಎರಡು ಪ್ರತಿ ಬರೆದಿದ್ದೇನೆ. ಒಂದು ದೊಡ್ಡವಳ ಕೈಗೆ ಕೊಡುತ್ತೇನೆ, ಇನ್ನೊಂದು ಅಂಚೆಗೆ. ಅಕ್ಷರ ಸೊಟ್ಟಗಿದ್ದರೆ ಇರಲಿ, ಬೈಗುಳ ನೆಟ್ಟಗಿದೆ.

ಚಿಕ್ಕವಳೇ, ನಿನ್ನ ತಪ್ಪೊಪ್ಪಿಗೆಯನ್ನು ಮೇನೇಜರ್ ಹಾಲಿನ ನೋಟೀಸು ಬೋರ್ಡಿಗೆ ಅಂಟಿಸಿದ್ದರು. ಕನ್ನಡಕ ಹಾಕಿಕೊಂಡು ಓದಿದೆ. "ಕೆಪಾಸಿಟರಿನ ಅಳತೆಯಲ್ಲಿ ಎಡವಿದ್ದೇನೆ." ನೀನಾ? ಫ್ರಾಕು ಹಾಕುವ ವಯಸ್ಸಿನಲ್ಲಿ, "ಅಮ್ಮಾ, ಇದು ಜಾಸ್ತಿ ಆಗಲ್ವಾ?" ಅಂತ ನನ್ನನ್ನೇ ತಡೆಯುತ್ತಿದ್ದವಳು ನೀನು. ಅದನ್ನು ಓದಿದ ಕ್ಷಣವೇ ಏನೋ ಕಿತಾಪತಿ ಇದೆ ಅನ್ನಿಸಿತು.

ಹೊಸ ಪೆಟ್ಟಿಗೆಗಳು ಬಂದ ದಿನ ಎಲೆಕ್ಟ್ರಿಷಿಯನ್ ಅವನ್ನು ನನ್ನ ಮೇಜಿನ ಮೇಲಿಟ್ಟು ಊಟಕ್ಕೆ ಹೋದ. ಮುಟ್ಟಬಾರದಿತ್ತು, ಮುಟ್ಟಿದೆ. ಡಬ್ಬಿಯಲ್ಲಿ ಉಳಿದಿದ್ದ ನನ್ನ ದಪ್ಪ ಕೆಪಾಸಿಟರುಗಳನ್ನು ಮೊದಲು ಹಾಕಿದ್ದ ಜಾಗಕ್ಕೇ ತಂತಿ ಸುತ್ತಿ ಸಿಕ್ಕಿಸಿದೆ. ಒಂದಕ್ಕೆ ಸ್ವಿಚ್ಚು ಹಾಕಿದೆ, ಎದ್ದಿತು. ಆರನ್ನೂ ಒಂದೇ ಸಪ್ಲೈಗೆ ಕೊಟ್ಟು ಸ್ವಿಚ್ಚು ಹಾಕಿದೆ. ಟಿಕ್, ಟಿಕ್, ಟಿಕ್. ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತೆ. ಎಲೆಕ್ಟ್ರಿಷಿಯನ್ ಬಂದು, "ಏನಮ್ಮ, ಹುಷಾರಿಲ್ವಾ?" ಅಂದ. ನೀರು ತರಲು ಕಳಿಸಿ ನನ್ನ ಕೆಪಾಸಿಟರುಗಳನ್ನೆಲ್ಲ ಬಿಚ್ಚಿದೆ.

ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ದೊಡ್ಡವಳನ್ನು ಎಷ್ಟು ಬೇಡಿಕೊಂಡರೂ ಒಂದೊಂದು ದಿನ ಒಂದೊಂದು ನೆಪ ಹೇಳುತ್ತಿದ್ದಳು. ಯಾಕೆಂದು ಆಗ ಅರ್ಥವಾಯಿತು. ಪೆಟ್ಟಿಗೆ ಮುಟ್ಟಿದ್ದನ್ನು ನಾನು ಅಲ್ಲಿ ಬಾಯಿಬಿಡುತ್ತೇನೆ ಅಂತ ತಾನೆ? ಗದರಿಸಿ ಕೇಳಿದ ಮೇಲೆ ನಿಮ್ಮಿಬ್ಬರ ಕಾಗದಗಳಲ್ಲಿ ಇದ್ದದ್ದನ್ನೆಲ್ಲ ಹೇಳಿದಳು.

ಟೈಲರಮ್ಮ ಹೋದ ವಾರ ವಾಪಸು ಬಂದಳು. ಅವಳನ್ನು ಹಾಸಿಗೆಯಲ್ಲಿ ಮಲಗಿಸಿದ ಮೇಲೆ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಗಂಟೆ ಕೆಡಿಸಿದ್ದು ನಾನು, ನೀನು ಬಿದ್ದಿದ್ದು ನನ್ನಿಂದ ಅಂತ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಮೇನೇಜರ ಹತ್ತಿರ ಹೋದೆ. ಐರನ್ ಕಿತ್ತುಕೊಂಡರು. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಯೋಚಿಸಿ ಹೇಳುತ್ತಾರಂತೆ. ಯೋಚಿಸಲಿ. ಬೋರ್ಡಿನ ಮೇಲಿದ್ದ ನಿನ್ನ ಕಾಗದವನ್ನು ಅವರ ಎದುರೇ ಕಿತ್ತುಹಾಕಿದೆ.

ಈಗ ನಿಮ್ಮ ವಿಚಾರ.

ದೊಡ್ಡವಳೇ, ನನಗೆ ತಡೆದುಕೊಳ್ಳುವ ಶಕ್ತಿ ಇಲ್ಲ ಅಂತ ನಿನಗೆ ಹೇಳಿದವರು ಯಾರು? ನಿಮ್ಮಪ್ಪ ಹೋದ ಮೇಲೆ ಆ ಅಂಗಡಿಯನ್ನು ನಡೆಸಿದವಳು ನಾನು. ರಿಪೇರಿ ಮಾಡಿದ ರೇಡಿಯೋ ವಾಪಸು ಬಂದರೆ ಗಿರಾಕಿ ಅದನ್ನು ನನ್ನ ಎದುರು ಕುಕ್ಕಿ, ಬೀದಿಯವರೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದ. ಕೇಳಿಸಿಕೊಂಡು, ಬಿಚ್ಚಿ ನೋಡಿ, ಸರಿಮಾಡಿ ಕೊಡುತ್ತಿದ್ದೆ. ನಾಲ್ಕು ದಿನ ಬಿಟ್ಟು ಅವನೇ ಇನ್ನೊಂದು ತರುತ್ತಿದ್ದ. ನನ್ನ ಕೈಲಿ ಕೆಲಸ ಇದೆ ಅಂತ ಜನ ತಿಳಿದಿದ್ದಕ್ಕೇ ನನ್ನ ಕೈಲಿ ತಪ್ಪಾಯಿತು ಅಂತಲೂ ಹೇಳುತ್ತಿದ್ದರು. ನೀವಿಬ್ಬರೂ ಸೇರಿ ಒಂದೇ ಕಾಗದದಲ್ಲಿ ಎರಡನ್ನೂ ಕಿತ್ತುಕೊಂಡಿರಿ. ತಪ್ಪು ಮಾಡುವಷ್ಟೂ ಯೋಗ್ಯತೆ ಇಲ್ಲದವಳು ಅಂತ ಮಾಡಿಟ್ಟಿರಿ. ಸೊಂಟ ಮುರಿದವಳ ಪಕ್ಕ ಕೂತು ನಾನು ಏನೂ ಅರಿಯದವಳಂತೆ ಔಷಧಿ ಕುಡಿಸಬೇಕಿತ್ತಾ? ಅದನ್ನು ನೋಡಿಕೊಂಡು ನೀನು ನೆಮ್ಮದಿಯಾಗಿ ಇರುತ್ತಿದ್ದೆಯಾ?

ಚಿಕ್ಕವಳೇ, ನೀನು ತ್ಯಾಗ ಮಾಡಿದೆ ಅಂತ ಬೀಗಬೇಡ. ನಿನ್ನ ಹೊಸ ಪೆಟ್ಟಿಗೆ ಬಿಚ್ಚಿ ನೋಡಿದ್ದೇನೆ. ಈ ಸಲ ನಿನ್ನ ಕೆಪಾಸಿಟರ್ ಮೊದಲಿಗಿಂತ ದೊಡ್ಡದು, ನಿಧಾನವಾಗಿ ಬಿಡುವ ಆ ಭಾಗದ ಒಳಗಡೆ ಇದೆ. ಸರಿಯಾಗಿದೆ, ಅದೇ ಜಾಗ. ಅಕ್ಕ ಹೋದ ವರ್ಷ ಪಂಪಿನ ವಿಷಯ ಹೇಳಿದಾಗ ಇದನ್ನೇ ಹಾಕಿದ್ದರೆ ನಾನು ಆ ಪೆಟ್ಟಿಗೆಗಳನ್ನು ಮುಟ್ಟುತ್ತಿರಲಿಲ್ಲ. ಗುಂಡಿ ಒತ್ತಿದರೆ ಗಂಟೆಯಾಗುತ್ತಿಲ್ಲ, ಪೆಟ್ಟಿಗೆ ಇನ್ನೂ ಏಳುತ್ತಿದೆ ಅಂತ ಇಲ್ಲಿ ಜನ ಗೋಳಾಡುತ್ತಿದ್ದರು, ಮಗಳ ಕೆಲಸಕ್ಕೆ ಕೆಟ್ಟ ಹೆಸರು ಬರಬಾರದು ಅಂತ ಮಾಡಿದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದರೆ, "ಅದು ನಿಂಗೆ ಅರ್ಥ ಆಗಲ್ಲಮ್ಮ" ಅನ್ನುತ್ತೀಯ ಅಂತ ಕೇಳಲಿಲ್ಲ. ಅನ್ನುತ್ತಿದ್ದೆಯೋ ಇಲ್ಲವೋ, ನೀನೇ ಹೇಳು.

ಪೆಟ್ಟಿಗೆ ವಾಪಸು ಕಳಿಸಿದವರಿಗೆಲ್ಲ ಇನ್ನೊಂದು ಕಾಗದ ಬರೆ. ಹಳೆ ರಿಪೇರಿಯವಳೊಬ್ಬಳು, ನನ್ನ ತಾಯಿ, ನನ್ನನ್ನು ಕೇಳದೆ ಕೆಪಾಸಿಟರ್ ಸೇರಿಸಿದ್ದಳು, ಅದರಿಂದ ಹೀಗಾಯಿತು ಅಂತ ಬರೆ. ನನ್ನ ಹೆಸರು ಪೂರ್ತಿ ಇರಲಿ. ಕೆಳಗೆ ನಾನೇ ಸಹಿ ಹಾಕುತ್ತೇನೆ, ತೆಗೆದುಕೊಂಡು ಬಾ. ಅಂಚೆಯಲ್ಲಿ ಕಳಿಸಬೇಡ, ನೀನೇ ಬಾ. ಮೇನೇಜರ್ ನನ್ನನ್ನು ಹೊರಗೆ ಹಾಕಿದರೆ ಎಲ್ಲಿಗೆ ಅನ್ನುವುದನ್ನು ನೀವಿಬ್ಬರೂ ನನ್ನ ಎದುರು ಕೂತು ಮಾತಾಡಿ. ನನ್ನ ಬೆನ್ನ ಹಿಂದೆ ಮಾತಾಡಿದ್ದು ಸಾಕು.

ಇವತ್ತು ಬೆಳಿಗ್ಗೆ ಟೈಲರಮ್ಮ ಗೋಡೆಯಿಂದ ಈಚೆಗೆ ತಿರುಗಿದಳು. "ನಿನಗೆ ಬೈಬೇಕು, ಇಲ್ಲಿ ಬಂದು ಕೂತ್ಕೋ" ಅಂದಳು. ಹೋಗಿ ಕೂತೆ. ಊಟ ಬರುವ ತನಕ ಬೈದಳು. ಮಧ್ಯೆ ದೊಡ್ಡವಳು ಬಂದು, "ಪಾಪ, ಅಮ್ಮನಿಗೆ ಸಾಕು ಬಿಡಿ" ಅಂದಾಗ ಇಬ್ಬರೂ ಸೇರಿ ಅವಳನ್ನು ಆಚೆಗೆ ಕಳಿಸಿದೆವು. ಟೈಲರಮ್ಮನಿಗೆ ಇನ್ನೂ ಮುಗಿದಿಲ್ಲವಂತೆ, ಉಳಿದದ್ದನ್ನು ನಾಳೆ ಬೈಯುತ್ತಾಳಂತೆ. ಬೇಗ ಮಲಗಬೇಕು.

ಅಮ್ಮ